ಗುಲ್ವಾಡಿಯ ಕೇಳುಗರು

ದಿಂಬಿನ ಪಕ್ಕದಲ್ಲಿದ್ದ ಫೋನು, ಹಂಡೆಗೆ ಒಂದು ಹನಿ ಬಿದ್ದ ಹಾಗೆ ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು. ರಂಜನಿಗೆ ನಿದ್ದೆ ಬಂದಿರಲಿಲ್ಲ. ಕುಂದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇರತೊಡಗಿದ ಮೇಲೆ ಅವಳ ನಿದ್ದೆ ತೆಳುವಾಗಿಬಿಟ್ಟಿತ್ತು. ಕೆಳಗಿನ ಶಟರು ಗಾಳಿಗೆ ಅಲುಗಿದರೂ, ಬೆಕ್ಕು ಮೆಟ್ಟಿಲು ಹತ್ತಿದರೂ ಗೊತ್ತಾಗುತ್ತಿತ್ತು. ಈ ಹನಿಯ ಸದ್ದನ್ನು ಮಾತ್ರ ಅವಳೇ ಆರಿಸಿ ಇಟ್ಟುಕೊಂಡಿದ್ದಳು. ಸಾಲಿಗ್ರಾಮದ ಸರ್ವರಿಗೆ ಏನಾದರೂ ತೊಂದರೆಯಾದರೆ ಫೋನು ಹೀಗೆ ಕರೆಯುತ್ತಿತ್ತು.

ಅವಳ ಕೆಲಸ ಅಂಥದ್ದು. ಕೊಲ್ಲೂರಿನ ಒಂದು ಲಾಡ್ಜು, ಬೈಂದೂರಿನ ಒಂದು ಶಾಲೆ, ಬ್ರಹ್ಮಾವರದ ಒಂದು ಗೊಬ್ಬರದ ವ್ಯಾಪಾರ, ಸಾಲಿಗ್ರಾಮದ ಒಂದು ಧ್ವನಿಭಂಡಾರ, ಇವುಗಳ ಯುನಿಕ್ಸ್ ಸರ್ವರುಗಳನ್ನು ಅವಳು ತನ್ನ ಕೋಣೆಯಿಂದಲೇ ನೋಡಿಕೊಳ್ಳುತ್ತಿದ್ದಳು. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ, ಅಲ್ಲಿ ಟೈಪ್ ಮಾಡುವ ಚುಟುಕು ಆಜ್ಞೆಗಳು. ಜಾಗ ತುಂಬಿದರೆ ಬಿಡಿಸುವುದು, ಸಿಕ್ಕಿಹಾಕಿಕೊಂಡ ಪ್ರೋಗ್ರಾಮನ್ನು ನಿಲ್ಲಿಸುವುದು, ಯಾವ ಕಡತವನ್ನು ಯಾರು ಓದಬಹುದು ಎಂದು ಗೊತ್ತುಮಾಡುವುದು. ಲಾಡ್ಜಿನ ಮ್ಯಾನೇಜರು ಊಟ ಬಿಟ್ಟು ಕೂತದ್ದು, ಶಾಲೆಯ ಗುಮಾಸ್ತೆ ಮತ್ತೆ ಪಾಸ್‌ವರ್ಡ್ ಮರೆತದ್ದು, ಗೊಬ್ಬರದವರು ಅಂಗಡಿ ತೆರೆಯಲು ತಡಮಾಡಿದ್ದು ಎಲ್ಲವೂ ಅವಳಿಗೆ ತಿಳಿಯುತ್ತಿತ್ತು. ಅವರಲ್ಲಿ ಅವಳ ಮುಖ ಕಂಡವರು ಒಬ್ಬರೂ ಇರಲಿಲ್ಲ.

ಸಾಲಿಗ್ರಾಮದ ಕಮಲಾಕ್ಷ ಮಯ್ಯರೊಬ್ಬರು ಮಾತ್ರ ಕಂಡಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಒಂದೇ. ಮನೆಯ ಅಂಗಳಗಳಲ್ಲಿ, ದೇವಸ್ಥಾನದ ಜಗಲಿಗಳಲ್ಲಿ ನಡೆದ ತಾಳಮದ್ದಳೆಗಳನ್ನು ಜನ ಎಂದೋ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಮಯ್ಯರು ಅವನ್ನೆಲ್ಲ ಹುಡುಕಿ ತಂದು ಕಂಪ್ಯೂಟರಿಗೆ ಏರಿಸುತ್ತಿದ್ದರು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಹಾಡಿನ ನಡುನಡುವೆ ಎದುರುಬದುರು ಕೂತು ಮಾತಿನಲ್ಲೇ ಹೋರಾಡುವ ಆ ಕಲೆಯಲ್ಲಿ ಅವರ ಅಣ್ಣ ಹೃಷಿಕೇಶ ಮಯ್ಯರು ಒಂದು ಕಾಲಕ್ಕೆ ದೊಡ್ಡ ಹೆಸರು. ಅಣ್ಣ ತೀರಿಕೊಂಡಿದ್ದರು. ಅವರ ಮಾತು ಪೂರ್ತಿಯಾಗಿ ಉಳಿದದ್ದು ಒಂದೇ ರಾತ್ರಿಯದು. ಅದರ ಕ್ಯಾಸೆಟ್ಟು ಬೂಷ್ಟು ಹಿಡಿದು ಹೋಗಿತ್ತು, ಏರಿಸಿದ ಧ್ವನಿ ಮಾತ್ರ ಸರ್ವರಿನಲ್ಲಿತ್ತು. ಆ ಅಣ್ಣನ ವಿಷಯ ಬಂದರೆ ತಮ್ಮನಿಗೆ ಅಭಿಮಾನವೂ ತಮಾಷೆಯೂ ಒಟ್ಟಿಗೇ ಬರುತ್ತಿತ್ತು.

"ಅಣ್ಣ ಮಾತಿಗ್ ಕೂತ್ರೆ ಭಾಗವತ್ರ್ ಒಂದ್ ನಿದ್ರಿ ತೆಗ್ದ್ ಏಳ್ಲಕ್ಕಿತ್ತ್," ಎನ್ನುತ್ತಿದ್ದರು.

ಈ ಭಂಡಾರವನ್ನು ಫೋನಿನಲ್ಲಿ ಯಾರು ಬೇಕಾದರೂ ಕೇಳಬಹುದಿತ್ತು. ಕೇಳುವವರು ಕಡಿಮೆ. ಹಗಲು ಆಗೊಬ್ಬರು ಈಗೊಬ್ಬರು, ರಾತ್ರಿ ಖಾಲಿ. ಆದರೆ ಮಳೆಗಾಲ ಮುಗಿದಾಗಿನಿಂದ ಒಬ್ಬರು ತಪ್ಪದೆ ಬರುತ್ತಿದ್ದರು. ಕತ್ತಲಾದ ಮೇಲೆ ಹಚ್ಚಿದರೆ ಬೆಳಗಿನವರೆಗೂ ಕೇಳುತ್ತಿದ್ದರು, ಅದೂ ಹೃಷಿಕೇಶ ಮಯ್ಯರದ್ದನ್ನೇ, ಮುಗಿದರೆ ಮತ್ತೆ ಮೊದಲಿಂದ. ಮೊದಲ ಸಲ ಹೆಸರು ಬರೆಯುವ ಕಡೆ ಅವರು ಬರೆದದ್ದು ರಾಜೀವ ಶೆಟ್ಟಿ, ಗುಲ್ವಾಡಿ ಎಂದು. ಮಲಗುವ ಮೊದಲು ಒಮ್ಮೆ ಒಳಹೊಕ್ಕು ಅವರಿದ್ದಾರೆಯೇ ಎಂದು ನೋಡುವುದು ರಂಜನಿಗೆ ಅಭ್ಯಾಸವಾಗಿತ್ತು. ಇದ್ದರೆ ಸಮಾಧಾನ. ಪಕ್ಕದ ಮನೆಯಲ್ಲಿ ದೀಪ ಇದ್ದಂತೆ.

ಅದನ್ನೊಮ್ಮೆ ಅವಳು ಮಯ್ಯರಿಗೆ ಹೇಳಿ ತಪ್ಪು ಮಾಡಿದ್ದಳು. ಹೆಸರು ಹೇಳಿರಲಿಲ್ಲ, ಗುಲ್ವಾಡಿ ಕಡೆಯವರು ಎಂದಷ್ಟೇ ಹೇಳಿದ್ದಳು. ಅಷ್ಟಕ್ಕೇ ಅವರ ಕಣ್ಣು ತುಂಬಿತ್ತು. ಭಂಡಾರದ ವಾರ್ಷಿಕೋತ್ಸವದಲ್ಲಿ ಆ ಕೇಳುಗರನ್ನು ವೇದಿಕೆಗೆ ಕರೆದು ಸನ್ಮಾನ ಮಾಡಬೇಕು, ಪತ್ರಿಕೆಯಲ್ಲಿ ಫೋಟೋ ಬರಬೇಕು, ಯಾರೆಂದು ಪತ್ತೆಮಾಡಿ ಕೊಡು ಎಂದು ಬೆನ್ನುಬಿದ್ದಿದ್ದರು. ಹೇಳದೆ ಕೇಳದೆ ಒಬ್ಬರ ವಿಳಾಸ ಹುಡುಕುವುದು ಸರಿಯಲ್ಲ ಎಂದು ಅವಳು ಜಾರಿಕೊಳ್ಳುತ್ತಲೇ ಬಂದಿದ್ದಳು.

ಈಗ ಫೋನು ಹೇಳುತ್ತಿದ್ದುದು, ಸಾಲಿಗ್ರಾಮದ ಡಿಸ್ಕು ತುಂಬುತ್ತ ಬಂದಿದೆ ಎಂದು. ಸಂಜೆ ಮಯ್ಯರು ಹೊಸ ಧ್ವನಿಮುದ್ರಣಗಳನ್ನು ಏರಿಸಿದ್ದಿರಬೇಕು. ರಂಜನಿ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಒಳಹೊಕ್ಕಳು. ಎಷ್ಟು ಜಾಗ ಉಳಿದಿದೆ ಎಂದು ಕೇಳಿದಳು. ಏನೂ ಇಲ್ಲವೆನ್ನುವಷ್ಟು ಕಡಿಮೆ. ಯಾವುದು ಹೆಚ್ಚು ತಿನ್ನುತ್ತಿದೆ ಎಂದು ಕೇಳಿದಳು, ಪಟ್ಟಿ ಬಂತು. ಅದರಲ್ಲಿ ಒಂದೇ ಪ್ರಸಂಗದ ಹೆಸರು ಎರಡೆರಡು ಸಲ ಇತ್ತು, ಎರಡನೆಯದರ ಕೊನೆಗೆ ಎರಡು ಎಂಬ ಅಂಕಿ. ಮಯ್ಯರು ಒಂದನ್ನೇ ಎರಡು ಸಲ ಏರಿಸುವುದು ಹೊಸತಲ್ಲ. ಅವಳು ಒಂದೊಂದೇ ಜೋಡಿ ತೆಗೆದುಕೊಂಡು ಒಳಗಿನ ಧ್ವನಿ ಅಕ್ಷರಶಃ ಒಂದೇ ಹೌದೇ ಎಂದು ಯಂತ್ರದಿಂದ ತಾಳೆ ನೋಡಿಸಿದಳು. ಒಂದೇ. ಇನ್ನೊಂದೂ ಹಾಗೆಯೇ. ಮತ್ತೊಂದೂ. ಕೊನೆಯ ಜೋಡಿಯ ಗಾತ್ರ ನೋಡಿದಳು, ಸ್ವಲ್ಪವೂ ಹೆಚ್ಚುಕಡಿಮೆ ಇರಲಿಲ್ಲ. ತಾಳೆ ನೋಡಲು ಹೋಗಲಿಲ್ಲ. ಎರಡು ಎಂಬ ಅಂಕಿಯಿದ್ದ ಎಲ್ಲವನ್ನೂ ಸೇರಿಸಿ, ಅಳಿಸು ಎಂಬರ್ಥದ ಆರ್‌ಎಂ ಎಂದು ಬರೆದು ಎಂಟರ್ ಒತ್ತಿದಳು.

ಯುನಿಕ್ಸಿನಲ್ಲಿ ಕಸದ ಬುಟ್ಟಿ ಇಲ್ಲ. ತೆಗೆ ಎಂದರೆ ತೆಗೆಯುತ್ತದೆ, ನಿಜವಾಗಿಯೂ ತೆಗೆಯಲೇ ಎಂದು ಕೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಸದಾ ಹೇಳುತ್ತಿದ್ದರು. ಆ ಗಾದೆಯ ಹೆದರಿಕೆಯಲ್ಲೇ ಬೆಳೆದವಳು ರಂಜನಿ.

ಮತ್ತೆ ಜಾಗ ಎಷ್ಟಾಯಿತೆಂದು ಕೇಳಿದಳು. ಬಿಡುಗಡೆಯಾಗಬೇಕಾದಷ್ಟು ಆಗಿರಲಿಲ್ಲ. ಅಳಿಸಿದ್ದರಲ್ಲಿ ಒಂದು ಕಡತದಷ್ಟು ಜಾಗ ಇನ್ನೂ ಹಿಡಿದೇ ಇತ್ತು.

ಇದರ ಅರ್ಥ ಅವಳಿಗೆ ಗೊತ್ತಿತ್ತು. ಯಾವುದಾದರೂ ಪ್ರೋಗ್ರಾಮು ಒಂದು ಕಡತವನ್ನು ತೆರೆದಿಟ್ಟುಕೊಂಡಿರುವಾಗ ಅದನ್ನು ಅಳಿಸಿದರೆ ಹೋಗುವುದು ಹೆಸರು ಮಾತ್ರ. ಕೊನೆಯ ಹಿಡಿತ ಬಿಡುವವರೆಗೂ ಒಳಗಿನದು ಡಿಸ್ಕಿನಲ್ಲೇ ಇರುತ್ತದೆ. ಯಾರು ಹಿಡಿದಿದ್ದಾರೆ ಎಂದು ಹುಡುಕಿದಳು. ಒಂದೇ ಸಾಲು ಬಂತು. ಗುಲ್ವಾಡಿಯ ಕೇಳುಗರಿಗೆ ಧ್ವನಿ ಕಳಿಸುತ್ತಿದ್ದ ಪ್ರೋಗ್ರಾಮು. ಅದು ಹಿಡಿದಿದ್ದ ಕಡತದ ಹೆಸರಿನ ಪಕ್ಕದಲ್ಲಿ, ಅಳಿಸಲಾಗಿದೆ ಎಂಬ ಗುರುತು.

ಅವರು ಕೇಳುವುದು ಹೃಷಿಕೇಶ ಮಯ್ಯರದ್ದನ್ನು. ಬಿಟ್ಟಿದ್ದ ತಾಳೆಯನ್ನು ಈಗ ನೋಡಿದಳು. ಉಳಿದಿದ್ದ ಕಡತ ಬೇರೆ, ಅಳಿಸಿದ್ದು ಬೇರೆ. ಒಂದೇ ಪ್ರಸಂಗವನ್ನು ಎರಡು ರಾತ್ರಿ ಆಡಿದ್ದರು. ಮೊದಲ ರಾತ್ರಿ ಬೇರೆ ಯಾರೋ, ಎರಡನೆಯ ರಾತ್ರಿ ಅಣ್ಣ. ಎರಡನ್ನೂ ಒಂದೇ ಉದ್ದದ ಕ್ಯಾಸೆಟ್ಟುಗಳಿಂದ ಕೊನೆಯ ಅಂಚಿನವರೆಗೂ ಏರಿಸಿದ್ದರಿಂದ ಗಾತ್ರ ಒಂದೇ ಆಗಿತ್ತು. ತಾಳಮದ್ದಳೆಯಲ್ಲಿ ನಿನ್ನೆಯ ಮಾತು ಇವತ್ತಿಗೆ ಬರುವುದಿಲ್ಲ ಎಂದು ಈ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ಎರಡು ಎಂದರೆ ಎರಡನೆಯ ರಾತ್ರಿ ಎಂದು ಮಯ್ಯರು ಬರೆದಿದ್ದರು. ಅವಳು ಎರಡನೆಯ ಪ್ರತಿ ಎಂದುಕೊಂಡಿದ್ದಳು. ನಕಲು ಇಡುತ್ತಿದ್ದ ಇನ್ನೊಂದು ಡಿಸ್ಕು ಕೆಟ್ಟು, ಹೊಸದಕ್ಕೆ ಹೇಳಿ ಕಾಯುತ್ತಿದ್ದ ಕಾಲ ಅದು.

ಸತ್ತ ಒಬ್ಬ ಮನುಷ್ಯನ ಮಾತು ಈ ಲೋಕದಲ್ಲಿ ಉಳಿದಿದ್ದುದು ಗುಲ್ವಾಡಿಯಲ್ಲಿ ಯಾರೋ ಫೋನು ಬಂದ್ ಮಾಡಿಲ್ಲ ಎಂಬ ಒಂದೇ ಕಾರಣಕ್ಕೆ. ಅವರು ಈಗ ಆಕಳಿಸಿ ಬೆರಳು ಒತ್ತಿದರೆ ಮುಗಿಯಿತು.

ಹಿಡಿದಿರುವ ಪ್ರೋಗ್ರಾಮಿನ ಕೈಯಿಂದಲೇ ಕಡತವನ್ನು ನಕಲು ಮಾಡಿಕೊಳ್ಳುವ ದಾರಿಯುಂಟು. ಅವಳು ಆ ಆಜ್ಞೆಯನ್ನು ಅರ್ಧ ಬರೆದಿದ್ದಳು, ಪರದೆ ನಿಂತುಹೋಯಿತು. ಅಕ್ಷರ ಒತ್ತಿದರೆ ಬೀಳುತ್ತಿಲ್ಲ. ಮನೆಯ ಇಂಟರ್ನೆಟ್ ಹೋಗಿತ್ತು. ಫೋನಿನಿಂದ ಸಂಪರ್ಕ ಮಾಡಿಕೊಳ್ಳುವಾಗ ಅವಳ ಬೆರಳು ಎರಡು ಸಲ ತಪ್ಪು ಗುಪ್ತಪದ ಒತ್ತಿತು. "ನಿಲ್ಸ್‌ಬೇಡಿ, ಸ್ವಲ್ಪ ನಿಲ್ಸ್‌ಬೇಡಿ," ಎಂದು ತಾನು ಗಟ್ಟಿಯಾಗಿ ಹೇಳುತ್ತಿರುವುದು ಕೇಳಿ ಅವಳಿಗೇ ಗಾಬರಿಯಾಯಿತು. ಆ ಕೋಣೆಯಲ್ಲಿ ಅವಳ ಧ್ವನಿ ಕೇಳಿ ಎಷ್ಟೋ ಹೊತ್ತಾಗಿತ್ತು.

ಮತ್ತೆ ಒಳಹೊಕ್ಕಾಗ ಅವರು ಇದ್ದರು. ಆಜ್ಞೆಯನ್ನು ಪೂರ್ತಿ ಬರೆದು ಒತ್ತಿದಳು. ನಕಲು ಒಮ್ಮೆ ಶುರುವಾದರೆ ಅವರು ಎದ್ದುಹೋದರೂ ಅಪಾಯವಿಲ್ಲವೆಂದು ಗೊತ್ತಿದ್ದೂ ಅದು ಮುಗಿಯುವವರೆಗೆ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮುಗಿಯಿತು. ತಾಳೆ ನೋಡಿದಳು, ಸರಿಯಾಗಿತ್ತು. ಹಳೆಯ ಹೆಸರನ್ನೇ ಇಟ್ಟು, ಇನ್ನು ಯಾರೂ, ತಾನೂ, ಸುಲಭವಾಗಿ ಅಳಿಸಲಾಗದಂತೆ ಬೀಗ ಹಾಕಿದಳು. ಒಂದು ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೂ ಇಳಿಸಿಕೊಂಡಳು. ಆಮೇಲೆ ಬಹಳ ಹೊತ್ತು ಮಂಡಿಯ ಮೇಲೆ ಗಲ್ಲವಿಟ್ಟು ಪರದೆಯಲ್ಲಿದ್ದ ಆ ಒಂದು ಸಾಲನ್ನೇ ನೋಡುತ್ತ ಕೂತಳು. ಗುಲ್ವಾಡಿಯವರು ಇನ್ನೂ ಕೇಳುತ್ತಲೇ ಇದ್ದರು.

ಬೆಳಗಾದ ಮೇಲೆ ಅವಳಿಗೆ ಅನ್ನಿಸಿದ್ದು, ಒಮ್ಮೆ ಹೋಗಿ ಆ ಮನುಷ್ಯರನ್ನು ಕಾಣಬೇಕು ಎಂದು. ರಾತ್ರಿ ಆದದ್ದನ್ನು ಮಯ್ಯರಿಗೆ ಹೇಳಿಬಿಡಬೇಕೆಂದೂ ನಿಶ್ಚಯಿಸಿದ್ದಳು. ತಪ್ಪು ತನ್ನದು, ಉಳಿಸಿದ್ದು ಆ ಕೇಳುಗರು, ಅವರಿಗೆ ಶಾಲು ಹೊದಿಸುವುದಾದರೆ ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ. ಮಯ್ಯರಿಗೆ ಫೋನು ಮಾಡಿ, ಕೇಳುಗರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ, ಉಳಿದದ್ದನ್ನು ಎದುರಿಗೇ ಹೇಳುತ್ತೇನೆ ಎಂದಳು.

"ಯಾರೇ ಆಯ್ಲಿ ಮಗಾ, ಮನಿಗ್ ಬಂದ್ ಕರಿತೆ ಅಂದೇಳ್ ಹೇಳ್," ಎಂದರು ಮಯ್ಯರು. "ಅಣ್ಣನ್ ಮಾತಿಗೆ ರಾತ್ರಿ ಇಡೀ ಕೂಕಂಬರ್ ಒಬ್ರ್ ಇದ್ರಲೆ. ನಂಗೆ ಅಷ್ಟ್ ಸಾಕ್."

ಗುಲ್ವಾಡಿಯಲ್ಲಿ ಬಸ್ಸು ಇಳಿದ ಕಡೆ ಪಾಂಡು ಎಂಬವರ ಅಂಗಡಿ. ಸೋಡಾ, ಬೀಡಿ, ಬಾಳೆಗೊನೆ. ಅವಳು ಆಚೀಚೆ ನೋಡುವುದನ್ನು ಕಂಡು ಅವರೇ ಕೂಗಿದರು. "ಹ್ವಾಯ್, ಯಾರ್ ಮನಿಗೆ ಹೋಪುದ್?"

ರಾಜೀವ ಶೆಟ್ಟರನ್ನು ಕೇಳಿದಳು. ಪಾಂಡು ಸ್ವಲ್ಪ ಯೋಚಿಸಿದರು. ಹೊಳೆಬದಿಯಲ್ಲಿ ರಾಜೀವಿ ಎಂಬವರ ಮನೆಯಿದೆ, ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು, ಅವರ ಅಣ್ಣಂದಿರು ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದವರು, ಅವರಲ್ಲೇ ಒಬ್ಬರಿರಬೇಕು ಎಂದರು.

"ಹಗಲ್ ಹೊತ್ತಂಗೆ ಕಾಂಬುಕೇ ಸಿಕ್ಕುದಿಲ್ಲ. ರಾತ್ರಿ ಆದ್ರೆ ಗಂಡಸ್ರ್ ಮಾತೇ ಮಾತ್, ರಸ್ತಿಗೆ ಕೇಣತ್ತ್. ಆಸ್ತಿ ಪಾಲಿನ್ ಗಲಾಟಿ ಇರ್ಕ್," ಎಂದು ಧ್ವನಿ ತಗ್ಗಿಸಿ ಸೇರಿಸಿದರು. "ನಾವ್ಯಾರೂ ಆ ಬದಿಗೆ ಹೋಪುದಿಲ್ಲ."

ರಂಜನಿ ಹೊಳೆಯ ದಂಡೆ ಹಿಡಿದು ನಡೆದಳು. ಮನೆ ರಸ್ತೆಯಿಂದ ಒಳಗಿತ್ತು, ಸುತ್ತ ಬೇರೆ ಮನೆ ಇರಲಿಲ್ಲ. ರವಿವಾರವಾದ್ದರಿಂದ ಒಳಗೆ ಯಾರೋ ಇದ್ದ ಸದ್ದು. ಬಾಗಿಲ ಬಳಿ ಮೂರು ಜೊತೆ ಗಂಡಸರ ಚಪ್ಪಲಿ ಸಾಲಾಗಿದ್ದವು. ತಂತಿಯ ಮೇಲೆ ಎರಡು ಅಂಗಿ, ಒಂದು ಲುಂಗಿ. ಅವಳು ಕರೆದಾಗ ಬಾಗಿಲು ತೆರೆಯಲಿಲ್ಲ. ಕಿಟಕಿಯ ಒಂದು ಬಾಗಿಲು ಸ್ವಲ್ಪ ಸರಿದು ಐವತ್ತರ ಆಚೆಯ ಹೆಂಗಸಿನ ಮುಖ ಕಾಣಿಸಿತು. ಯಾರು, ಎಲ್ಲಿಂದ, ಏಕೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ರಂಜನಿ ತಾಳಮದ್ದಳೆಯ ಭಂಡಾರದಿಂದ ಬಂದೆ, ರಾಜೀವ ಶೆಟ್ಟರನ್ನು ಕಾಣಬೇಕಿತ್ತು ಎಂದಳು.

"ಅಣ್ಣ ಮನ್ಕಂಡಿದ್ರ್. ಈಗ ಏಳುದಿಲ್ಲ."

ಕಾಯುತ್ತೇನೆ ಎನ್ನಲು ಬಾಯಿ ತೆರೆದವಳು ಮತ್ತೊಮ್ಮೆ ಆ ಚಪ್ಪಲಿಗಳನ್ನು ನೋಡಿದಳು. ಒಂದರ ಪಟ್ಟಿಯಿಂದ ಗೋಡೆಗೆ ಜೇಡ ಬಲೆ ಕಟ್ಟಿತ್ತು. ತಂತಿಯ ಮೇಲಿನ ಅಂಗಿಗಳ ಕಾಲರು ಎಲ್ಲೂ ಸವೆದಿರಲಿಲ್ಲ. ನೆನೆಸಿ ಒಣಗಿಸಿ, ನೆನೆಸಿ ಒಣಗಿಸಿ ಬಣ್ಣ ಮಾಸಿತ್ತೇ ಹೊರತು ಯಾರೂ ತೊಟ್ಟದ್ದಲ್ಲ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಗಮನಿಸುತ್ತಿರಲಿಲ್ಲವೇನೋ. ರಂಜನಿಗೆ ಆ ಲೆಕ್ಕಾಚಾರವೆಲ್ಲ ಗೊತ್ತಿತ್ತು. ಅವಳು ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ನನ್ ಬಾಗ್ಲ್ ಹೊರ್ಗೂ ಒಂದ್ ಜೊತಿ ಬೂಟ್ ಇತ್ತ್. ನಾನೇ ತಕಂಡ್ ಬಂದ್ ಇಟ್ಟದ್ದ್."

ಕಿಟಕಿಯ ಒಳಗಿನ ಮುಖ ಅಲುಗಲಿಲ್ಲ. ಅವಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿತು. ಆಮೇಲೆ ಒಂದು ಚಿಲಕ, ಅದರ ಕೆಳಗೆ ಇನ್ನೊಂದು, ಕೊನೆಗೆ ಅಡ್ಡಪಟ್ಟಿ ತೆಗೆದ ಸದ್ದಾಯಿತು.

ರಾಜೀವಿ ಕೊಟ್ಟ ಕಾಫಿ ಕುಡಿಯುತ್ತ ಅವಳು ಕೇಳಿಸಿಕೊಂಡದ್ದು ಇಷ್ಟು. ಅಣ್ಣಂದಿರು ಬೊಂಬಾಯಿಯಲ್ಲೇ ಇದ್ದಾರೆ, ಬರುವವರಲ್ಲ. ಮಳೆಗಾಲದಲ್ಲಿ ಯಾರೋ ರಾತ್ರಿ ಅಂಗಳಕ್ಕೆ ಬಂದು ನಿಲ್ಲತೊಡಗಿದರು. ಒಂದು ಸಲ ಚಿಲಕ ಅಲ್ಲಾಡಿಸಿದರು. ಯಾರೆಂದು ರಾಜೀವಿಗೆ ಅಂದಾಜಿತ್ತು, ಹೇಳುವ ಹಾಗಿರಲಿಲ್ಲ. ಫ್ಯಾಕ್ಟರಿಯ ಬಸ್ಸಿನಲ್ಲಿ ದಿನಾ ಎದುರಾಗುವ ಮುಖ. ಮನೆಯಲ್ಲಿ ಗಂಡಸರಿದ್ದಾರೆಂದು ಕೇಳಿಸಲಿ ಎಂದು ಟಿವಿ ಹಚ್ಚಿಟ್ಟರೆ ನಡುವೆ ಜಾಹೀರಾತು ಬಂದು ಗುಟ್ಟು ಬಿಟ್ಟುಕೊಡುತ್ತಿತ್ತು. ಹಾಡು ಹಾಕಿದರೆ ಹಾಡೆಂದು ಗೊತ್ತಾಗುತ್ತಿತ್ತು. ಫ್ಯಾಕ್ಟರಿಯಲ್ಲಿ ಯಾರೋ ಫೋನಿನಲ್ಲಿ ತೋರಿಸಿಕೊಟ್ಟ ಈ ಭಂಡಾರದ ತಾಳಮದ್ದಳೆಗಳನ್ನು ಒಂದೊಂದಾಗಿ ಹಚ್ಚಿ, ತಾವೇ ಕತ್ತಲೆಯಲ್ಲಿ ರಸ್ತೆಯವರೆಗೆ ಹೋಗಿ ನಿಂತು, ಹೇಗೆ ಕೇಳುತ್ತದೆಂದು ಪರೀಕ್ಷೆ ಮಾಡಿದ್ದರು. ಹೆಸರು ಕೇಳಿದ ಕಡೆ ರಾಜೀವಿ ಎನ್ನದೆ ರಾಜೀವ ಎಂದು ಬರೆದಿದ್ದರು. ಬಹಳಷ್ಟರಲ್ಲಿ ಹಾಡು, ಮದ್ದಳೆ ಮಧ್ಯೆ ಮಧ್ಯೆ ಬರುತ್ತಿತ್ತು. ಒಂದರಲ್ಲಿ ಮಾತ್ರ ಬರಿಯ ಮಾತು.

"ಆ ಅಯ್ಯ ಒಬ್ರ್ ಇದ್ರಲೆ, ಶುರು ಮಾಡ್ರೆ ನಿಲ್ಸುದೇ ಇಲ್ಲ," ಎಂದರು ರಾಜೀವಿ. "ಎಂತ ಹೇಳ್ತ್ರೋ ನಂಗೊಂದೂ ತಲಿಗ್ ಹೋತಿಲ್ಲೆ. ಅವ್ರ್ ಬೈತಾ ಇರ್ತ್ರ್, ನಾನ್ ಮನಿಕಂತೆ."

ಕಿಟಕಿಯ ಅಂಚಿನಲ್ಲಿ, ರಸ್ತೆಯ ಕಡೆಗೆ ಮುಖಮಾಡಿ, ಸ್ಟೀಲಿನ ಚೆಂಬಿನೊಳಗೆ ಫೋನು ಇಡುತ್ತಾರಂತೆ. ಧ್ವನಿ ದಪ್ಪವಾಗಿ ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಅದು ಶುರುವಾದ ಮೇಲೆ ಅಂಗಳಕ್ಕೆ ಯಾರೂ ಬಂದಿಲ್ಲ.

ರಂಜನಿ ಸನ್ಮಾನದ ಮಾತು ಎತ್ತಲಿಲ್ಲ. ರಾತ್ರಿ ನಡೆದದ್ದನ್ನೂ ಹೇಳಲಿಲ್ಲ. ಆ ಹೆಂಗಸು ತಾನು ಏನನ್ನು ಉಳಿಸಿದೆ ಎಂದು ತಿಳಿಯಬೇಕಾಗಿಯೂ ಇರಲಿಲ್ಲ. ಹೊರಡುವಾಗ ಧೈರ್ಯಕ್ಕೆ ಎಂಬಂತೆ, ನೀವು ಹಚ್ಚುವುದು ಇನ್ನು ಎಂದಿಗೂ ಅಳಿಯುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು. ರಾಜೀವಿಯ ಚಿಂತೆ ಬೇರೆ ಇತ್ತು.

"ಪಾಂಡುನ್ ಅಂಗ್ಡಿಯಂಗೆ ಎಂತ ಹೇಳಿ ಬಂದ್ರಿ?"

"ನಿಮ್ಮ್ ಅಣ್ಣನ್ನ್ ಕಾಂಬುಕೆ ಅಂದೆ."

ರಾಜೀವಿ ಸಮಾಧಾನದಿಂದ ಕಾಫಿಯ ಲೋಟ ಎತ್ತಿಕೊಂಡರು.

ಬಸ್ಸಿಗೆ ಕಾಯುವಾಗ ಪಾಂಡು ಕೇಳಿಯೇ ಕೇಳಿದರು, ಸಿಕ್ಕಿದರೇ ಎಂದು. ಸಿಕ್ಕಿದರು ಎಂದಳು. ಹೇಗೆ ಮನುಷ್ಯ ಎಂದು ಮತ್ತೆ ಕೇಳಿದರು. "ಸ್ವಲ್ಪ ಮುಂಗೋಪಿ," ಎಂದಳು ರಂಜನಿ. ಸುಳ್ಳು ಅಷ್ಟು ಸರಾಗವಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಪಾಂಡು, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು.

ಸಾಲಿಗ್ರಾಮದಲ್ಲಿ ಮಯ್ಯರು ಜಗಲಿಯಲ್ಲೇ ಕಾಯುತ್ತಿದ್ದರು. ಪಕ್ಕದ ಕುರ್ಚಿಯ ಮೇಲೆ ಜರಿಯಂಚಿನ ಹೊಸ ಶಾಲು, ಕವರು ಬಿಚ್ಚದೆ ಇತ್ತು. ಅವರಿಗೆ ಹೇಳಬೇಕೋ ಬೇಡವೋ ಎಂದು ರಂಜನಿ ದಾರಿಯುದ್ದಕ್ಕೂ ತೂಗಿಕೊಂಡು ಬಂದಿದ್ದಳು. ಮಯ್ಯರು ಕೆಡುಕರಲ್ಲ. ಆದರೆ ಸಂತೋಷವಾಗಲಿ ದುಃಖವಾಗಲಿ ಅವರ ಬಾಯಲ್ಲಿ ನಿಲ್ಲುತ್ತಿರ‍ಲಿಲ್ಲ. ಗುಟ್ಟಾಗಿಡಿ ಎಂದರೆ ಗುಟ್ಟಾಗಿಯೇ ಹತ್ತು ಜನರಿಗೆ ಹೇಳುತ್ತಿದ್ದರು. ಅಳಿಸಿದ ಕಡತ ಉಳಿದ ಕತೆಯನ್ನು ಹೇಳಿದರೆ, ಯಾರು ಕೇಳುತ್ತಿದ್ದರು, ಏಕೆ ರಾತ್ರಿಯಿಡೀ ಕೇಳುತ್ತಿದ್ದರು ಎಂಬ ಮಾತು ಅದರ ಬಾಲ ಹಿಡಿದೇ ಬರುತ್ತದೆ. ಅರ್ಧ ಕತೆ ಹೇಳಿ ನಿಲ್ಲಿಸಲು ಬರುವುದಿಲ್ಲ. ಹೊಳೆಬದಿಯ ಮನೆಯೊಳಗಿನ ಗಂಡಸರು ಬರಿಯ ಧ್ವನಿ ಎಂದು ಒಬ್ಬನಿಗೆ, ಆ ಒಬ್ಬನಿಗೆ, ತಿಳಿದರೆ ಸಾಕು.

"ಹೋಯಿ ಬಂದ್ಯಾ? ಯಾರಂಬ್ರ್?" ಎಂದರು ಮಯ್ಯರು.

ಯಾರೂ ಇಲ್ಲ ಎಂದಳು. ಎಂದೋ ಒಬ್ಬರು ಕೇಳಿ ಬಿಟ್ಟುಹೋದದ್ದು, ಪ್ರೋಗ್ರಾಮು ನಿಲ್ಲದೆ ಹಾಗೇ ಸಿಕ್ಕಿಹಾಕಿಕೊಂಡು ಪ್ರತಿ ರಾತ್ರಿ ಒಬ್ಬರೆಂದು ಎಣಿಕೆ ತೋರಿಸುತ್ತಿತ್ತು. ಗುಲ್ವಾಡಿಗೆ ಹೋದದ್ದು ಸುಮ್ಮನೆ ಆಯಿತು. ನೋಡಿಕೊಳ್ಳಬೇಕಾದವಳು ನಾನು, ತಪ್ಪು ನನ್ನದೇ.

ಮಯ್ಯರು ಶಾಲಿನ ಕವರನ್ನು ಸವರಿ ನೇರ ಮಾಡಿದರು. ಉಡುಪಿ ಕಡೆಯ ಬಸ್ಸೊಂದು ಹಾರನ್ನು ಹೊಡೆಯುತ್ತ ಹೋಯಿತು.

"ಹಾಂಗಾರೆ ಅಣ್ಣನ್ ಮಾತ್ ಕೇಂಬರ್ ಯಾರೂ ಇಲ್ಲೆ," ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ರಂಜನಿ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು.

ಕೇಳುವವರೇ ಇಲ್ಲದ ಮೇಲೆ ರಾತ್ರಿಯಿಡೀ ಯಂತ್ರ ಓಡಿಸುವುದು ಏಕೆ, ನಿಲ್ಲಿಸಿಬಿಡು ಎಂದರು ಮಯ್ಯರು. ಈ ಮಾತು ಬರಬಹುದೆಂದು ಅವಳು ಎಣಿಸಿರಲಿಲ್ಲ. ದಿನಾ ನಿಲ್ಲಿಸಿ ದಿನಾ ಶುರುಮಾಡಿದರೆ ಡಿಸ್ಕು ಬೇಗ ಹಾಳಾಗುತ್ತದೆ, ಓಡುತ್ತಲೇ ಇರುವುದು ಒಳ್ಳೆಯದು, ನೀವು ಅದನ್ನು ಮುಟ್ಟಲೇಬೇಡಿ ಎಂದಳು. ಅವಳ ಧ್ವನಿ ಬೇಕಾದದ್ದಕ್ಕಿಂತ ಗಟ್ಟಿಯಾಗಿತ್ತು. ಮಯ್ಯರು ತಿರುಗಿ ನೋಡಿದರು. ಒಂದು ಎಣಿಕೆ ಸರಿಯಾಗಿ ಹೇಳಲಾಗದ ಯಂತ್ರದ ಮೇಲೆ ನಿನಗೆಷ್ಟು ಕಕ್ಕುಲಾತಿ ಎಂದು ನಕ್ಕರು. ಆ ನಗುವಿನಲ್ಲಿ ಹಿಂದಿನ ಸಲುಗೆ ಇರಲಿಲ್ಲ. ಶಾಲನ್ನು ಎತ್ತಿಕೊಂಡು ಒಳಗೆ ಹೋದರು, ಕೂತುಕೋ ಎನ್ನಲಿಲ್ಲ.

ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ಕೂತು ಅವಳು ಲ್ಯಾಪ್‌ಟಾಪು ತೆರೆದಳು. ಕೇಳುಗರ ಹೆಸರು ಬರೆದಿಡುವ ಕಡತವನ್ನು ತನ್ನ ಹೊರತು ಯಾರೂ ಓದದಂತೆ ಮುಚ್ಚಿದಳು. ಅಷ್ಟು ಸಾಲದೆನಿಸಿತು. ಆ ಒಂದು ಸಾಲನ್ನು ಹುಡುಕಿ ತೆಗೆದಳು. ಇನ್ನು ಮುಂದೆ ಯಾರ ಹೆಸರನ್ನೂ ಬರೆದಿಡಬೇಡ ಎಂದು ಆಜ್ಞೆ ಕೊಟ್ಟಳು. ಇವತ್ತಿನಿಂದ ಗುಲ್ವಾಡಿಯಲ್ಲಿ ಯಾರು ಎಚ್ಚರ, ಯಾರು ನಿದ್ದೆ ಎಂದು ಅವಳಿಗೂ ಕಾಣುವುದಿಲ್ಲ. ಅದು ಬೇಕೆಂದೇ ಮಾಡಿದ್ದು. ಆದರೂ ಒತ್ತಿದ ಮೇಲೆ ಅವಳು ಒಮ್ಮೆ ಆ ಸಾಲಿದ್ದ ಜಾಗವನ್ನು ತಿರುಗಿ ನೋಡಿದಳು.

ಅಮ್ಮನ ಫೋನು ಬಂತು. ಅಮ್ಮ ಬ್ರಹ್ಮಾವರದಲ್ಲಿ ರಂಜನಿಯ ಅಣ್ಣನ ಮನೆಯಲ್ಲಿದ್ದರು. ರವಿವಾರ ಇಲ್ಲಿಗಾದರೂ ಬರಬಹುದಿತ್ತು, ಎಲ್ಲಿ ಹೋಗಿದ್ದೆ, ಧ್ವನಿ ಏಕೆ ಹೀಗಿದೆ, ನಿನ್ನೆ ನಿದ್ದೆ ಮಾಡಲಿಲ್ಲವೇ ಎಂದು ಕೇಳಿದರು. ಯಾರಿಗಾದರೂ ಹೇಳಬಹುದಾದರೆ ಅಮ್ಮನಿಗೆ. ಕೇಳಿದರೆ ಅಮ್ಮ ಮೊದಲು ನಕ್ಕು, ಆಮೇಲೆ ಅಳುತ್ತಿದ್ದರು. ಆ ಮೇಲೆ ಅತ್ತಿಗೆಗೆ ಹೇಳುತ್ತಿದ್ದರು. ಅತ್ತಿಗೆಯ ತವರು ಬಸ್ರೂರು, ಗುಲ್ವಾಡಿಯಿಂದ ಹೊಳೆ ದಾಟಿದರೆ ಸಿಗುವ ಊರು.

"ಎಂತ ಇಲ್ಲೆ ಅಮ್ಮ," ಎಂದಳು ರಂಜನಿ. "ಸಾಲಿಗ್ರಾಮದಂಗೆ ಮಿಷನ್ ಸ್ವಲ್ಪ ಕೆಟ್ಟಿತ್. ಸರಿ ಮಾಡ್ದೆ."

ಕುಂದಾಪುರದ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು, ಮಯ್ಯರಿಗಾಗಲಿ, ಅಮ್ಮನಿಗಾಗಲಿ, ಇನ್ನು ಮುಂದೆ ತನ್ನ ಬದುಕಿಗೆ ಬರಬಹುದಾದ ಯಾರಿಗೇ ಆಗಲಿ, ಈ ಸಂಗತಿಯನ್ನು ಹೇಳುವುದಿಲ್ಲವೆಂದು ಅವಳು ನಿರ್ಧರಿಸಿದಳು.